ಲೈಸೆನ್ಸು ಕೈಗೆ ಬಂದ ಮೇಲಿನ ಮೊದಲ ವರ್ಷ

ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಸುತ್ತಲಿನ ಹಳ್ಳಿಗಳ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಒಂದರ ಹಿಂದೊಂದು ಸಕ್ಕರೆ ಕಾರ್ಖಾನೆಯತ್ತ ಸಾಗುತ್ತವೆ. ಅದೇ ರಸ್ತೆಯಲ್ಲಿ ಶಾಲೆಗೆ ಹೊರಟ ಮಕ್ಕಳ ಸೈಕಲ್ಲುಗಳು, ಸಂತೆಗೆ ಹೊರಟವರ ಟಂಟಂ, ಆಳಂದಕ್ಕೋ ಕಲಬುರಗಿಗೋ ಹೋಗುವ ಬಸ್ಸು, ಹೊಲದಿಂದ ಮರಳುವ ಎತ್ತಿನ ಬಂಡಿ ಎಲ್ಲವೂ ದಾರಿ ಮಾಡಿಕೊಳ್ಳಬೇಕು. ಈ ವಾಹನಗಳ ಸ್ಟಿಯರಿಂಗ್ ಹಿಡಿದು ಕುಳಿತವರತ್ತ ಒಮ್ಮೆ ಕಣ್ಣು ಹಾಯಿಸಿದರೆ, ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗರೂ ಅಲ್ಲಲ್ಲಿ ಕಾಣಸಿಗುತ್ತಾರೆ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ನಮ್ಮ ಮನೆಗಳಲ್ಲಿ ಮಗನಿಗೋ ಮಗಳಿಗೋ ಹದಿನೆಂಟು ತುಂಬಿ ವಾಹನ ಚಾಲನಾ ಪರವಾನಗಿ, ಅಂದರೆ ರೂಢಿಯ ಮಾತಿನಲ್ಲಿ ಲೈಸೆನ್ಸು, ಕೈಗೆ ಬಂದ ದಿನ ಸಂತೋಷದ ದಿನವಾಗಿರುತ್ತದೆ. “ಇನ್ನೇನು ಚಿಂತೆ? ಸರ್ಕಾರವೇ ಒಪ್ಪಿ ಕಾರ್ಡು ಕೊಟ್ಟಿದೆ” ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಚಿಂತಿಸಬೇಕಾದ ಕಾಲ ಆ ದಿನದಿಂದಲೇ ಆರಂಭವಾಗುತ್ತದೆ ಎಂಬುದನ್ನು ಈ ತಿಂಗಳು ನಮ್ಮ ಓದುಗ ಬಂಧುಗಳ ಮುಂದೆ ಇಡಬಯಸುತ್ತೇವೆ. ಕೇಂದ್ರ ಸರ್ಕಾರದ ವರದಿಯಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ 18ರಿಂದ 45 ವರ್ಷದೊಳಗಿನವರು. ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ದುಡಿದು ಮನೆಯನ್ನು ಮುನ್ನಡೆಸಬೇಕಾದ ವಯಸ್ಸಿನವರೇ ಹೀಗೆ ಹೋಗುತ್ತಿದ್ದಾರೆ. ಆದ್ದರಿಂದ ಇದು ಪೊಲೀಸರಿಗೂ ಸಾರಿಗೆ ಇಲಾಖೆಗೂ ಮಾತ್ರ ಸೇರಿದ ವಿಷಯವಲ್ಲ, ಪ್ರತಿಯೊಂದು ಮನೆಗೂ ಸೇರಿದ್ದು.

ಕಾನೂನು ಹೇಳುವ ವಯಸ್ಸು

ಈಗ ಜಾರಿಯಲ್ಲಿರುವುದು 1988ರ ಮೋಟಾರು ವಾಹನಗಳ ಕಾಯ್ದೆ. ಇದು 1989ರ ಜುಲೈ 1ರಿಂದ ಜಾರಿಗೆ ಬಂದಿತು. 2019ರಲ್ಲಿ ಇದಕ್ಕೆ ದೊಡ್ಡ ತಿದ್ದುಪಡಿಯಾಗಿ ಅದರ ಬಹುಭಾಗ ಆ ವರ್ಷದ ಸೆಪ್ಟೆಂಬರ್ 1ರಿಂದ ಅನ್ವಯವಾಯಿತು. ಕಾಯ್ದೆಯ 4ನೆಯ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ನಡೆಸಲು 18 ವರ್ಷ ತುಂಬಿರಬೇಕು. ಬಾಡಿಗೆಯ ಟಂಟಂ, ಟ್ಯಾಕ್ಸಿ, ಲಾರಿ, ಬಸ್ಸು ಮೊದಲಾದ ಸಾರಿಗೆ ವಾಹನಗಳಿಗೆ 20 ವರ್ಷ ತುಂಬಿರಬೇಕು.

ಇದಕ್ಕೆ ಒಂದು ವಿನಾಯಿತಿಯುಂಟು. 50 ಸಿ.ಸಿ. ಮೀರದ ಇಂಜಿನ್ನಿನ, ಗೇರಿಲ್ಲದ ದ್ವಿಚಕ್ರ ವಾಹನಕ್ಕೆ 16 ವರ್ಷ ತುಂಬಿದವರು ತಂದೆತಾಯಿಗಳ ಲಿಖಿತ ಒಪ್ಪಿಗೆಯೊಡನೆ ಲೈಸೆನ್ಸು ಪಡೆಯಬಹುದು. ಲೂನಾ, ಟಿ.ವಿ.ಎಸ್. 50 ಓಡಾಡುತ್ತಿದ್ದ ಕಾಲಕ್ಕೆ ಈ ವಿನಾಯಿತಿಗೆ ಅರ್ಥವಿತ್ತು. ಇಂದು ಹೆಣ್ಣುಮಕ್ಕಳು ಕಾಲೇಜಿಗೆ ಒಯ್ಯುವ ಪೆಟ್ರೋಲ್ ಸ್ಕೂಟರುಗಳೆಲ್ಲ 100 ಸಿ.ಸಿ. ಆಸುಪಾಸಿನವು ಅಥವಾ ಅದಕ್ಕೂ ಮೇಲಿನವು. “ಗೇರಿಲ್ಲದ ಗಾಡಿ, ಹದಿನಾರಕ್ಕೇ ನಡೆಯುತ್ತದೆ” ಎಂದು ಅಂಗಡಿಯವರು ಹೇಳಿದರೆ ಪಾಲಕರು ನಂಬಬಾರದು. ಗೇರಿಲ್ಲವೆಂಬುದಷ್ಟೇ ಸಾಲದು, ಇಂಜಿನ್ನಿನ ಅಳತೆಯೂ 50ರೊಳಗಿರಬೇಕು. ಬ್ಯಾಟರಿ ಗಾಡಿಗಳಲ್ಲಿಯೂ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ, ಕಾಲು ಕಿಲೋವಾಟಿಗಿಂತ ಕಡಿಮೆ ಶಕ್ತಿಯ, ಹಗುರವಾದ ಗಾಡಿಗಳಿಗಷ್ಟೇ ಲೈಸೆನ್ಸಿನ ಅಗತ್ಯವಿಲ್ಲ. ಅದಕ್ಕೂ ಮೀರಿದ ಬ್ಯಾಟರಿ ಗಾಡಿ ಉಳಿದ ವಾಹನಗಳಂತೆಯೇ ಲೈಸೆನ್ಸು ಬೇಡುತ್ತದೆ.

ಕಲಿಯುವವರ ಲೈಸೆನ್ಸು

ಮೊದಲು ದೊರೆಯುವುದು ಕಲಿಯುವವರ ಲೈಸೆನ್ಸು, ಎಲ್ಲರ ಬಾಯಲ್ಲಿರುವ ‘ಎಲ್.ಎಲ್.’. ಅದರ ಅವಧಿ 6 ತಿಂಗಳು. ಅದನ್ನು ಪಡೆದು ಕನಿಷ್ಠ 30 ದಿನ ಕಳೆದ ಹೊರತು ಚಾಲನಾ ಪರೀಕ್ಷೆಗೆ ಹಾಜರಾಗುವಂತಿಲ್ಲ. ಈ ಅವಧಿಯಲ್ಲಿ ವಾಹನದ ಹಿಂದೆ ಮುಂದೆ ಬಿಳಿಯ ಹಲಗೆಯ ಮೇಲೆ ಕೆಂಪು ಬಣ್ಣದ ‘ಎಲ್’ ಅಕ್ಷರವಿರಬೇಕು. ಲೈಸೆನ್ಸು ಹೊಂದಿದ ಕಲಿಸುವವರು ಒಬ್ಬರು ಜೊತೆಗಿರಬೇಕು. ಅವರು ಅಗತ್ಯ ಬಿದ್ದಾಗ ವಾಹನವನ್ನು ಹತೋಟಿಗೆ ತರಬಲ್ಲ, ನಿಲ್ಲಿಸಬಲ್ಲ ಜಾಗದಲ್ಲಿ ಕುಳಿತಿರಬೇಕು. ಮೋಟಾರು ಸೈಕಲ್ಲು ಕಲಿಯುವವರಿಗೆ ಹೀಗೆ ಜೊತೆಗಾರರು ಇರಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ.

ಕಲಿಯುವವರ ಲೈಸೆನ್ಸು ಒಂದು ಲೆಕ್ಕಕ್ಕಿಲ್ಲದ ಕಾಗದವೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. 2004ರಲ್ಲಿ ಸುಪ್ರೀಂ ಕೋರ್ಟು ನೀಡಿದ ಒಂದು ಮುಖ್ಯ ತೀರ್ಪಿನಲ್ಲಿ, ವಿಮೆಯ ಪ್ರಶ್ನೆ ಬಂದಾಗ ಕಲಿಯುವವರ ಲೈಸೆನ್ಸನ್ನೂ ಲೈಸೆನ್ಸೆಂದೇ ಪರಿಗಣಿಸಬೇಕೆಂದು ಹೇಳಿದೆ. ಆದಕಾರಣ ಆ 6 ತಿಂಗಳನ್ನು ಕ್ರಮವಾಗಿ, ಶರತ್ತುಗಳನ್ನು ಪಾಲಿಸಿ ಕಳೆಯುವುದು ಕಾನೂನಿನ ದೃಷ್ಟಿಯಿಂದಲೂ ಹಿತಕರ. ಪರೀಕ್ಷೆಯ ದಿನವಷ್ಟೇ ಗಾಡಿ ಮುಟ್ಟಿ, ಏಜೆಂಟರ ನೆರವಿನಿಂದ ಕಾರ್ಡು ತಂದುಕೊಂಡವನಿಗೆ ಕಾರ್ಡು ದೊರೆತಿರಬಹುದು. ವಾಹನ ನಡೆಸುವ ವಿದ್ಯೆ ದೊರೆತಿರುವುದಿಲ್ಲ.

ನಮ್ಮ ಕಾನೂನಿನಲ್ಲಿ ಪರೀಕ್ಷಾವಧಿ ಇದೆಯೇ?

ಸರ್ಕಾರಿ ನೌಕರಿಗೆ ಸೇರಿದವರಿಗೆ ಖಾಯಂ ಆಗುವ ಮುನ್ನ ಪರೀಕ್ಷಾವಧಿ ಇರುವುದು ಓದುಗರಿಗೆ ತಿಳಿದ ವಿಷಯ. ಅದೇ ರೀತಿ ಹೊಸ ಚಾಲಕರಿಗೂ ಹಲವು ದೇಶಗಳಲ್ಲಿ ಪರೀಕ್ಷಾವಧಿಯುಂಟು. ಬ್ರಿಟನ್ನಿನಲ್ಲಿ 1995ರಲ್ಲಿ ಹೊಸ ಚಾಲಕರಿಗೆಂದೇ ಒಂದು ಕಾಯ್ದೆ ಮಾಡಿ 1997ರ ಜೂನ್ 1ರಿಂದ ಜಾರಿಗೆ ತಂದರು. ಅಲ್ಲಿ ಸಂಚಾರದ ಒಂದೊಂದು ತಪ್ಪಿಗೂ ಇಂತಿಷ್ಟು ದಂಡದ ಅಂಕಗಳು ಚಾಲಕನ ಹೆಸರಿಗೆ ಏರುತ್ತವೆ. ಲೈಸೆನ್ಸು ಪಡೆದ ಮೊದಲ 2 ವರ್ಷಗಳಲ್ಲಿ ಅಂತಹ 6 ಅಂಕ ಸೇರಿದರೆ ಲೈಸೆನ್ಸು ರದ್ದಾಗಿ, ಮತ್ತೆ ಮೊದಲಿನಿಂದ ಬರೆಹದ ಪರೀಕ್ಷೆಯನ್ನೂ ಚಾಲನೆಯ ಪರೀಕ್ಷೆಯನ್ನೂ ಎದುರಿಸಬೇಕು. ಗಾಡಿ ನಡೆಸುತ್ತ ಕೈಯಲ್ಲಿ ಮೊಬೈಲು ಹಿಡಿದು ಸಿಕ್ಕಿಬಿದ್ದರೆ 2017ರಿಂದ ಒಮ್ಮೆಗೇ 6 ಅಂಕ. ಅಂದರೆ ಹೊಸಬನಿಗೆ ಒಂದೇ ತಪ್ಪಿನಲ್ಲಿ ಲೈಸೆನ್ಸು ಹೋಯಿತೆಂದೇ ಅರ್ಥ.

ಜರ್ಮನಿಯಲ್ಲಿ 1986ರಿಂದಲೇ 2 ವರ್ಷಗಳ ಪರೀಕ್ಷಾವಧಿ ಇದೆ. ಆ ಅವಧಿಯಲ್ಲಿ ದೊಡ್ಡ ತಪ್ಪು ಮಾಡಿದವನು ವಿಶೇಷ ತರಗತಿಗೆ ಹಾಜರಾಗಬೇಕು, ಅವನ ಪರೀಕ್ಷಾವಧಿ 4 ವರ್ಷಕ್ಕೆ ಏರುತ್ತದೆ. 2007ರಿಂದ ಹೊಸ ಚಾಲಕರು ಹನಿ ಮದ್ಯವನ್ನೂ ಮುಟ್ಟಿ ವಾಹನ ನಡೆಸುವಂತಿಲ್ಲ. ನ್ಯೂಜಿಲೆಂಡಿನವರು 1987ರಲ್ಲಿ ಹಂತ ಹಂತದ ಲೈಸೆನ್ಸನ್ನು ತಂದರು. ಮೊದಲು ಕಲಿಕೆ. ಅನಂತರ ರಾತ್ರಿ ಒಬ್ಬರೇ ನಡೆಸಬಾರದು, ಅನುಭವಿಗಳಿಲ್ಲದೆ ಪ್ರಯಾಣಿಕರನ್ನು ಕೂರಿಸಿಕೊಳ್ಳಬಾರದು ಎಂಬ ನಿರ್ಬಂಧದ ಹಂತ. ಕೊನೆಗೆ ಪೂರ್ಣ ಲೈಸೆನ್ಸು. ಜಪಾನಿನಲ್ಲಿ ಹೊಸ ಚಾಲಕರು ಒಂದು ವರ್ಷ ಕಾಲ ಕಾರಿಗೆ ಎಳೆಯ ಎಲೆಯ ಆಕಾರದ ಹಳದಿ-ಹಸಿರು ಗುರುತನ್ನು ಅಂಟಿಸಬೇಕು. “ನಾನಿನ್ನೂ ಎಳಸು, ದಯವಿಟ್ಟು ಸ್ವಲ್ಪ ದೂರವಿರಿ” ಎಂದು ಆ ಗುರುತು ಹಿಂದಿನವರಿಗೆ ಹೇಳುತ್ತದೆ.

ವಿದೇಶಗಳಲ್ಲಿ ನೆಲೆಸಿದ ನಮ್ಮ ಮಕ್ಕಳು ಇದನ್ನು ಗಮನದಲ್ಲಿಡುವುದು ಒಳಿತು. ಉದಾಹರಣೆಗೆ ಬ್ರಿಟನ್ನಿಗೆ ನೆಲೆಸಲು ಹೋದವರು ಭಾರತದ ಲೈಸೆನ್ಸಿನ ಮೇಲೆ 12 ತಿಂಗಳು ಮಾತ್ರ ಅಲ್ಲಿ ವಾಹನ ನಡೆಸಬಹುದು. ಆಮೇಲೆ ಅಲ್ಲಿಯ ಪರೀಕ್ಷೆಯನ್ನು ಪಾಸು ಮಾಡಲೇಬೇಕು.

ಇನ್ನು ನಮ್ಮ ದೇಶದ ಕಾನೂನು. ಲೈಸೆನ್ಸು ಪಡೆದ ಮೇಲೆ ಹೊಸ ಚಾಲಕನಿಗೆಂದು ಪ್ರತ್ಯೇಕ ಪರೀಕ್ಷಾವಧಿ ನಮ್ಮಲ್ಲಿ ಇಲ್ಲ. ಇಂದು ಬೆಳಿಗ್ಗೆ ಲೈಸೆನ್ಸು ಪಡೆದ ಯುವಕನಿಗೂ ಇಪ್ಪತ್ತು ವರ್ಷ ಅಪಘಾತವಿಲ್ಲದೆ ಗಾಡಿ ನಡೆಸಿದವರಿಗೂ ಕಾನೂನು ಒಂದೇ ಅಧಿಕಾರ ಕೊಡುತ್ತದೆ. 2019ರ ತಿದ್ದುಪಡಿಯ ಅನಂತರ 30 ವರ್ಷದೊಳಗೆ ಪಡೆದ ಸ್ವಂತ ವಾಹನದ ಲೈಸೆನ್ಸು 40 ವರ್ಷ ತುಂಬುವವರೆಗೆ ಊರ್ಜಿತದಲ್ಲಿರುತ್ತದೆ. ಹದಿನೆಂಟಕ್ಕೆ ಲೈಸೆನ್ಸು ಪಡೆದವನನ್ನು, ಅವನು ತಪ್ಪು ಮಾಡಿ ಸಿಕ್ಕಿಬೀಳದ ಹೊರತು, 22 ವರ್ಷ ಯಾರೂ ಮತ್ತೆ ಪರೀಕ್ಷಿಸುವುದಿಲ್ಲ.

ಪರೀಕ್ಷಾವಧಿಗೆ ಹತ್ತಿರವಾದ ಒಂದೇ ಒಂದು ನಿಯಮ 7ನೆಯ ಕಲಮಿನಲ್ಲಿದೆ. ಲಘು ಮೋಟಾರು ವಾಹನದ ಲೈಸೆನ್ಸನ್ನು ಕನಿಷ್ಠ ಒಂದು ವರ್ಷ ಹೊಂದಿದ್ದವರಿಗೆ ಮಾತ್ರ ಸಾರಿಗೆ ವಾಹನದ ಕಲಿಯುವವರ ಲೈಸೆನ್ಸು ಕೊಡಬೇಕೆಂದು ಅದು ಹೇಳುತ್ತದೆ. ಆದರೆ ಲಘು ವಾಹನದ ಲೈಸೆನ್ಸುಳ್ಳವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಬೇರೆ ಅನುಮತಿಯಿಲ್ಲದೆ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಹೀಗಾಗಿ ಆ ಒಂದು ವರ್ಷದ ತಡೆ ಇಂದು ಲಾರಿ, ಬಸ್ಸುಗಳಂತಹ ದೊಡ್ಡ ವಾಹನಗಳಿಗೆ ಮುಖ್ಯವಾಗಿ ಅನ್ವಯಿಸುತ್ತದೆ. ಸಾರಿಗೆ ವಾಹನಕ್ಕೆ 20 ವರ್ಷ ತುಂಬಿರಬೇಕೆಂಬ ನಿಯಮ ಮಾತ್ರ ಹಾಗೆಯೇ ಉಳಿದಿದೆ.

ಹೊಲದ ಬದು ದಾಟಿದರೆ

ನಮ್ಮ ಭಾಗದ ರೈತ ಮನೆತನಗಳಿಗೆ ಎಲ್ಲಕ್ಕಿಂತ ಮುಖ್ಯವಾದುದು ಟ್ರ್ಯಾಕ್ಟರಿನ ಪ್ರಶ್ನೆ. ಕಾಯ್ದೆಯ ಎಲ್ಲ ಕಡೆಯೂ ‘ಸಾರ್ವಜನಿಕ ಸ್ಥಳ’ ಎಂಬ ಮಾತು ಬರುತ್ತದೆ. ಜನರಿಗೆ ಓಡಾಡುವ ಹಕ್ಕಿರುವ ರಸ್ತೆ, ಓಣಿ, ದಾರಿ ಎಲ್ಲವೂ ಅದರಲ್ಲಿ ಸೇರುತ್ತವೆ. ತನ್ನ ಸ್ವಂತ ಹೊಲದೊಳಗೆ ಹರಗುವಾಗ ಲೈಸೆನ್ಸು ಕೇಳುವವರಿಲ್ಲ. ಅದೇ ಟ್ರ್ಯಾಕ್ಟರು ಬದು ದಾಟಿ ಊರ ರಸ್ತೆಗೆ ಹತ್ತಿತೆಂದರೆ, ಅದು ಅರ್ಧ ಫರ್ಲಾಂಗಿನ ದಾರಿಯಾದರೂ, ಕಾನೂನು ಪೂರ್ಣವಾಗಿ ಅನ್ವಯಿಸುತ್ತದೆ. “ಹೊಲದಿಂದ ಹೊಲಕ್ಕೆ ಹೋಗುತ್ತಿದ್ದೆ” ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಟ್ರ್ಯಾಕ್ಟರಿಗೆ ಪ್ರತ್ಯೇಕ ಲೈಸೆನ್ಸು ಬೇಕೆ ಎಂದು ಕೇಳುವವರುಂಟು. ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರು ಕಾಯ್ದೆಯ ವ್ಯಾಖ್ಯೆಯಲ್ಲಿ ಲಘು ಮೋಟಾರು ವಾಹನವೇ. ರೈತರ ಟ್ರ್ಯಾಕ್ಟರುಗಳೆಲ್ಲ ಅದರೊಳಗೆ ಬರುತ್ತವೆ. ಟ್ರ್ಯಾಕ್ಟರ್ ನಡೆಸುವ ಲೈಸೆನ್ಸುಳ್ಳವನು ಅದಕ್ಕೆ ಟ್ರಾಲಿ ಜೋಡಿಸಿ ಸಾಮಾನು ಸಾಗಿಸಿದ ಮಾತ್ರಕ್ಕೆ ಅವನ ಲೈಸೆನ್ಸು ನಿರರ್ಥಕವಾಗದೆಂದು ಸುಪ್ರೀಂ ಕೋರ್ಟು 2001ರಲ್ಲಿ, ವಕೀಲರು ನಾಗಶೆಟ್ಟಿ ಪ್ರಕರಣವೆಂದು ಕರೆಯುವ ತೀರ್ಪಿನಲ್ಲಿ, ಸ್ಪಷ್ಟಪಡಿಸಿದೆ. ಇದು ರೈತರಿಗೆ ಸಮಾಧಾನದ ಸಂಗತಿ. ಆದರೆ ಟ್ರಾಲಿಯೂ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಎಂಬುದನ್ನು ಮರೆಯಲಾಗದು. ಅದಕ್ಕೂ ನೋಂದಣಿ ಇರಬೇಕು, ವಿಮೆಯಲ್ಲಿ ಅದರ ಉಲ್ಲೇಖವೂ ಇರಬೇಕು.

ಕಲಿಸುವವರು ವಾಹನವನ್ನು ಹತೋಟಿಗೆ ತರಬಲ್ಲ ಜಾಗದಲ್ಲಿ ಕುಳಿತಿರಬೇಕೆಂಬ ನಿಯಮವನ್ನು ಮೇಲೆ ಹೇಳಿದೆವು. ಟ್ರ್ಯಾಕ್ಟರಿಗೆ ಇರುವುದು ಒಂದೇ ಆಸನ. ಮಡ್ಗಾರ್ಡಿನ ಮೇಲೆ ಕುಳಿತ ಕಾಕಾ ಬ್ರೇಕು ತುಳಿಯಲಾರರು, ತಾವೇ ಜಾರಿ ದೊಡ್ಡ ಗಾಲಿಯ ಕೆಳಗೆ ಬೀಳುವ ಅಪಾಯವುಂಟು. ಆದ್ದರಿಂದ ಟ್ರ್ಯಾಕ್ಟರನ್ನು ರಸ್ತೆಯ ಮೇಲೆ ಕಲಿಸುವ ಪದ್ಧತಿಯನ್ನೇ ಬಿಡಬೇಕು. ಬೆಳೆ ಕಟಾವಾದ ಬಯಲು ಹೊಲವೇ ಅದಕ್ಕೆ ತಕ್ಕ ಪಾಠಶಾಲೆ.

ಹೊಣೆ ಯಾರ ತಲೆಗೆ?

ಮಕ್ಕಳು ತಪ್ಪಿದರೆ ಮಕ್ಕಳಿಗೇ ಶಿಕ್ಷೆ ಎಂದು ತಿಳಿದ ಕಾಲ ಹೋಯಿತು. ಲೈಸೆನ್ಸಿಲ್ಲದವನ ಕೈಗೆ ವಾಹನ ಕೊಟ್ಟ ಮಾಲೀಕನಿಗೆ 180ನೆಯ ಕಲಮಿನಂತೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ನಡೆಸಿದವನಿಗೂ 181ನೆಯ ಕಲಮಿನಂತೆ ಅಷ್ಟೇ ಶಿಕ್ಷೆ. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸ್ಥಳದಲ್ಲಿಯೇ ಕಟ್ಟಿ ಮುಗಿಸುವ ಹಲವು ದಂಡಗಳ ಮೊತ್ತವನ್ನು ಇಳಿಸಿದ್ದುಂಟು. ನ್ಯಾಯಾಲಯದ ಮೆಟ್ಟಿಲೇರಿದ ಪ್ರಕರಣಕ್ಕೆ ಆ ರಿಯಾಯಿತಿ ಇಲ್ಲ.

ಇದಕ್ಕಿಂತ ಕಠಿಣವಾದುದು 2019ರಲ್ಲಿ ಹೊಸದಾಗಿ ಸೇರಿದ 199ಎ ಕಲಮು. ಹದಿನೆಂಟು ತುಂಬದವರು ವಾಹನ ನಡೆಸಿ ಅಪರಾಧವೆಸಗಿದರೆ ಅವರ ಪಾಲಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರೆಂದೇ ಕಾನೂನು ಭಾವಿಸುತ್ತದೆ. ಅವರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳ ಕಾಲ ರದ್ದು. ಆ ಹುಡುಗನಿಗೆ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗದು. ಇದನ್ನು ಸ್ಥಳದಲ್ಲಿ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ. ವಾಹನವನ್ನು ಪಾಲಕರ ಒಪ್ಪಿಗೆಯಿಂದಲೇ ಒಯ್ದಿದ್ದಾನೆಂದು ನ್ಯಾಯಾಲಯ ಮೊದಲಿಗೇ ಊಹಿಸುತ್ತದೆ. ತಮಗೆ ತಿಳಿದಿರಲಿಲ್ಲ ಅಥವಾ ತಾವು ತಡೆಯಲು ಎಲ್ಲ ಎಚ್ಚರಿಕೆ ವಹಿಸಿದ್ದೆವು ಎಂಬುದನ್ನು ಪಾಲಕರೇ ರುಜುವಾತುಪಡಿಸಬೇಕು. ಚಾವಿಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ “ನನಗೆ ಗೊತ್ತಿಲ್ಲ” ಎಂದರೆ ಯಾರು ನಂಬುವರು?

ಹೊಲ ಮಾರಬೇಕಾದ ಪ್ರಸಂಗ

ಸೆರೆವಾಸ, ದಂಡಗಳಿಗಿಂತಲೂ ಮನೆತನವನ್ನು ಹೆಚ್ಚು ಕಾಲ ಕಾಡುವುದು ಪರಿಹಾರದ ಹಣ. ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಂಟು ಎಕರೆ ಹೊಲ, ಸಾಲದ ಮೇಲೆ ಕೊಂಡ ಟ್ರ್ಯಾಕ್ಟರು, ಪಿ.ಯು.ಸಿ. ಓದುವ ಮಗ. ಕಬ್ಬಿನ ಪಾಳಿ ರಾತ್ರಿ ಬಂದಿತು, ಚಾಲಕ ಬರಲಿಲ್ಲ, ಮಗನೇ ಟ್ರ್ಯಾಕ್ಟರ್ ಹೊಡೆದುಕೊಂಡು ಹೊರಟ. ಎದುರಿನಿಂದ ಬಂದ ಬೈಕಿಗೆ ಟ್ರಾಲಿ ತಗುಲಿ ಮಕ್ಕಳೊಂದಿಗನೊಬ್ಬ ತೀರಿಕೊಂಡ. ಆತನ ವಯಸ್ಸು, ಆದಾಯ, ಅವನನ್ನು ನೆಚ್ಚಿದವರ ಸಂಖ್ಯೆ ನೋಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಪರಿಹಾರ ನಿಗದಿ ಮಾಡುತ್ತದೆ. ದುಡಿಯುವ ವಯಸ್ಸಿನವನಾದರೆ ಅದು ಹಲವು ಲಕ್ಷಗಳಿಗೆ ಏರುತ್ತದೆ.

“ವಿಮೆ ಇದೆಯಲ್ಲ” ಎಂದು ತಂದೆ ಹೇಳಬಹುದು. ಚಾಲಕನಿಗೆ ಲೈಸೆನ್ಸಿರಬೇಕೆಂಬುದು ವಿಮೆಯ ಮೂಲ ಶರತ್ತು. ಅದನ್ನು ಮಾಲೀಕ ತಿಳಿದೂ ಮುರಿದಿದ್ದರೆ, ವಿಮಾ ಕಂಪನಿಯು ಮೃತನ ಕುಟುಂಬಕ್ಕೆ ಹಣ ಕೊಟ್ಟು, ಅನಂತರ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೊಂದರಲ್ಲಿ ಮಾಲೀಕರ ಹತ್ತಿರದ ಸಂಬಂಧಿಯಾದ, ವಯಸ್ಸಿಗೆ ಬಾರದ ಹುಡುಗ ಮನೆಯಿಂದ ಚಾವಿ ತೆಗೆದುಕೊಂಡು ಮೋಟಾರು ಸೈಕಲ್ಲು ಒಯ್ದಿದ್ದನು. ತಮಗೆ ತಿಳಿಸದೆ ಒಯ್ದನೆಂದು ಮಾಲೀಕರು ವಾದಿಸಿದರು. ತಮ್ಮ ವಾಹನ ದುರುಪಯೋಗವಾಗದಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆಯೆಂದು ಹೇಳಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ನಾವು ಕಲ್ಪಿಸಿಕೊಂಡ ಮನೆಯಲ್ಲಿ ಆ ವಸೂಲಿ ಬರುವುದು ಎಂಟು ಎಕರೆ ಹೊಲದಿಂದ, ತಂಗಿಯ ಮದುವೆಗೆಂದು ಇಟ್ಟ ಹಣದಿಂದ.

ಇನ್ನೆರಡು ಮಾತುಗಳು. ಕೃಷಿ ಕೆಲಸಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಬಾಡಿಗೆಗೆ ಹಚ್ಚಿದರೆ ವಿಮಾ ಕಂಪನಿ ತಕರಾರು ತೆಗೆಯಬಹುದು. ಆದ್ದರಿಂದ ಹಂಗಾಮಿಗೆ ಮೊದಲೇ ಪಾಲಿಸಿಯ ಶರತ್ತುಗಳನ್ನು ಓದಿಸಿಕೊಂಡು ತಿಳಿಯಬೇಕು. ಟ್ರಾಲಿಯಲ್ಲಿ ಜನರನ್ನು ಕೂರಿಸಿಕೊಂಡು ಜಾತ್ರೆಗೋ ಮದುವೆಗೋ ಒಯ್ಯುವುದಂತೂ ಬೇಡವೇ ಬೇಡ. ಹಾಗೆ ಕುಳಿತವರಿಗೆ ಸಾಮಾನ್ಯವಾಗಿ ವಿಮೆಯ ಆಸರೆ ದೊರೆಯುವುದಿಲ್ಲ. ಗಾಣಗಾಪುರದ ಹುಣ್ಣಿಮೆಗೆ, ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ ಬಸ್ಸಿನಲ್ಲಿ ಹೋಗಿಬರುವುದೇ ಕ್ಷೇಮ.

ಮನೆಯೇ ವಿಧಿಸಬೇಕಾದ ಒಂದು ವರ್ಷ

ಕೆಲವು ಹಿರಿಯರು ಕೇಳುವುದುಂಟು: “ನಾವು ಹದಿನಾಲ್ಕಕ್ಕೇ ಟ್ರ್ಯಾಕ್ಟರ್ ಹೊಡೆದವರು, ಏನಾಯಿತು?” ಅವರ ಕಾಲದ ರಸ್ತೆಯಲ್ಲಿ ಎದುರಿಗೆ ಬರುತ್ತಿದ್ದುದು ಗಂಟೆಗೊಂದು ಬಸ್ಸು. ಈಗ ಬರುವುದು ಕ್ಷಣಕ್ಕೊಂದು ಬೈಕು. ಇಂಜಿನ್ನುಗಳ ಶಕ್ತಿ ಹೆಚ್ಚಿದೆ, ಟ್ರಾಲಿ ಒಂದರ ಬದಲು ಎರಡಾಗಿದೆ. ಹಿಂದಿನ ಅದೃಷ್ಟವನ್ನು ಇಂದಿನ ನಿಯಮವೆಂದು ಭಾವಿಸಲಾಗದು.

ಅದೇ ಹಿರಿಯರಿಗೆ ಇನ್ನೊಂದು ಸಂಗತಿ ಚೆನ್ನಾಗಿ ಗೊತ್ತು. ಹೊಸ ಹೋರಿಯನ್ನು ಯಾವ ರೈತನೂ ಮೊದಲ ದಿನವೇ ತುಂಬಿದ ಬಂಡಿಗೆ ಹೂಡುವುದಿಲ್ಲ. ಮೊದಲು ಪಳಗಿದ ಎತ್ತಿನ ಜೊತೆ ನೊಗ ಹೊರಿಸುತ್ತಾನೆ, ಖಾಲಿ ಬಂಡಿ ಎಳೆಸುತ್ತಾನೆ, ಅರ್ಧ ಹೇರಿ ನೋಡುತ್ತಾನೆ. ಹೋರಿಗೆ ತೋರುವ ಈ ವಿವೇಕವನ್ನು ಹೆತ್ತ ಮಗನಿಗೆ ತೋರಬಾರದೆ? ಹೊಸ ಚಾಲಕನಿಗೆ ಅಪಾಯ ಹೆಚ್ಚಾಗಿರುವುದು ಒಬ್ಬನೇ ವಾಹನ ನಡೆಸತೊಡಗಿದ ಮೊದಲ ತಿಂಗಳುಗಳಲ್ಲಿ ಎಂಬುದನ್ನು ಕಂಡುಕೊಂಡೇ ಹಲವು ದೇಶಗಳು ಪರೀಕ್ಷಾವಧಿಯನ್ನು ತಂದಿವೆ. ಕಾನೂನು ವಿಧಿಸದ ಆ ಒಂದು ವರ್ಷವನ್ನು ನಮ್ಮ ಮನೆಗಳೇ ವಿಧಿಸಬೇಕೆಂಬುದು ನಮ್ಮ ಸಲಹೆ.

ಮೊದಲ ಮೂರು ತಿಂಗಳು ಹಗಲು ಹೊತ್ತಿನಲ್ಲಿ, ಪರಿಚಿತ ರಸ್ತೆಯಲ್ಲಿ ಮಾತ್ರ ನಡೆಸಲಿ. ಬೈಕಿನ ಹಿಂದೆ ಗೆಳೆಯರನ್ನು ಕೂರಿಸುವುದು ಬೇಡ. ಜೊತೆಗೆ ಗೆಳೆಯರಿದ್ದರೆ ವೇಗ ತಾನಾಗಿ ಏರುತ್ತದೆ. ಕಾರಾದರೆ ಮನೆಯ ಅನುಭವಿಗಳೊಬ್ಬರು ಪಕ್ಕದಲ್ಲಿರಲಿ. ಆಮೇಲಿನ ಮೂರು ತಿಂಗಳು ಆಳಂದ, ಕಲಬುರಗಿಯಂತಹ ಪೇಟೆಯ ಗದ್ದಲ, ಮಳೆಯ ದಿನ, ಮುಸ್ಸಂಜೆ ಇವುಗಳ ಅಭ್ಯಾಸವಾಗಲಿ. ರಾತ್ರಿಯ ಪ್ರಯಾಣ, ಹೆದ್ದಾರಿ, ದೂರದ ಊರು ಇವೆಲ್ಲ ವರ್ಷದ ಉತ್ತರಾರ್ಧಕ್ಕೆ ಇರಲಿ.

ಟ್ರ್ಯಾಕ್ಟರಿಗೆ ಬೇರೆಯೇ ಕ್ರಮ ಬೇಕು. ಮೊದಲು ಬರೀ ಟ್ರ್ಯಾಕ್ಟರು, ಅನಂತರ ಖಾಲಿ ಟ್ರಾಲಿ, ಅನಂತರ ಅರ್ಧ ಹೇರು, ಕೊನೆಗೆ ತುಂಬಿದ ಹೇರು. ಎರಡು ಟ್ರಾಲಿಗಳನ್ನು ಮೊದಲ ವರ್ಷ ಕೊಡಲೇಬಾರದು. ಟ್ರ್ಯಾಕ್ಟರಿಗೆ ಎಡ ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕಿನ ಪೆಡಲುಗಳಿರುವುದು ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು. ರಸ್ತೆಗೆ ಬರುವ ಮುನ್ನ ಅವೆರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು. ಇಲ್ಲವಾದರೆ ವೇಗದಲ್ಲಿ ಒಂದೇ ಪೆಡಲು ತುಳಿದಾಗ ಟ್ರ್ಯಾಕ್ಟರು ಪಕ್ಕಕ್ಕೆ ಸೆಳೆದು ಉರುಳುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರು ತಪ್ಪಿಸಿ ಬಿಡಬಾರದು, ಹಿಂದಿನ ಹೇರು ಮುಂದಕ್ಕೆ ನೂಕುತ್ತದೆ. ಏರಿನಲ್ಲಿ ಭಾರ ಹೆಚ್ಚಾದರೆ ಮುಂದಿನ ಗಾಲಿಗಳು ಮೇಲೇಳುತ್ತವೆ, ಆಗ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಟ್ರಾಲಿಯ ಹಿಂದೆ ಕೆಂಪು ದೀಪ, ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ಟ್ರಾಲಿ ಕೆಟ್ಟು ನಿಂತರೆ ಅದನ್ನು ಕತ್ತಲಲ್ಲಿ ರಸ್ತೆಯ ಮೇಲೆಯೇ ಬಿಟ್ಟು ಊಟಕ್ಕೆ ಹೋಗಬಾರದು. ಹಿಂದಿನಿಂದ ಬರುವ ಬೈಕಿನವನಿಗೆ ಅದು ಕಾಣದ ಗೋಡೆ.

ಹೆಲ್ಮೆಟ್ಟಿನ ವಿಷಯದಲ್ಲಿ ರಾಜಿಯೇ ಸಲ್ಲದು. ಹೆಲ್ಮೆಟ್ಟಿಲ್ಲದೆ ಸಿಕ್ಕಿಬಿದ್ದರೆ ದಂಡದ ಜೊತೆಗೆ 3 ತಿಂಗಳು ಲೈಸೆನ್ಸನ್ನು ಅನರ್ಹಗೊಳಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಮೂವರು ಕುಳಿತು ಹೋದರೂ ಹಾಗೆಯೇ. ಮದ್ಯ ಕುಡಿದು ನಡೆಸಿದರೆ ಮೊದಲ ಸಲವೇ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ.

ಚಾವಿಯ ಅಧಿಕಾರ ಮನೆಯಲ್ಲಿ ಒಬ್ಬರ ಬಳಿ ಇರಲಿ. ನಮ್ಮ ಅಭಿಪ್ರಾಯದಲ್ಲಿ ತಾಯಿಯ ಬಳಿ ಇರುವುದು ಉತ್ತಮ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟವರಿಗೆ ಚಾವಿ ಸಿಗಲಿ. ತಂದೆಯೇ ಹೆಲ್ಮೆಟ್ಟಿಲ್ಲದೆ, ಕಿವಿಗೆ ಮೊಬೈಲು ಹಚ್ಚಿಕೊಂಡು ಗಾಡಿ ಹೊಡೆಯುವ ಮನೆಯಲ್ಲಿ ಮಾತ್ರ ಈ ಯಾವ ನಿಯಮವೂ ನಿಲ್ಲಲಾರದು. ಮಕ್ಕಳು ಕಲಿಯುವುದು ನಮ್ಮ ಮಾತಿನಿಂದಲ್ಲ, ನಡೆಯಿಂದ.

ಅಪಘಾತವಾದಾಗ ಏನು ಮಾಡಬೇಕೆಂಬುದನ್ನೂ ಹೊಸ ಚಾಲಕರಿಗೆ ಮೊದಲೇ ಹೇಳಿಕೊಡಬೇಕು. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಲು ಯತ್ನಿಸುವುದು, ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸುವುದು ಚಾಲಕನ ಕರ್ತವ್ಯವೆಂದು 134ನೆಯ ಕಲಮು ಹೇಳುತ್ತದೆ. ಹೆದರಿ ಓಡಿಹೋಗುವುದು ತಪ್ಪನ್ನು ಇಮ್ಮಡಿಗೊಳಿಸುತ್ತದೆ. ನೆರವಿಗೆ ಬಂದ ದಾರಿಹೋಕರಿಗೆ ಕಿರುಕುಳವಾಗದಂತೆ 134ಎ ಕಲಮು ರಕ್ಷಣೆ ನೀಡಿದೆ. ಆದ್ದರಿಂದ ಬೇರೆಯವರ ಅಪಘಾತವನ್ನು ಕಂಡಾಗ ಮುಖ ತಿರುಗಿಸಿ ಹೋಗಬೇಕಾದ ಕಾರಣವಿಲ್ಲ.

ಮುಂದೆ ಎಂದಾದರೂ ನಮ್ಮ ದೇಶದಲ್ಲಿಯೂ ಹೊಸ ಚಾಲಕರಿಗೆ ಪರೀಕ್ಷಾವಧಿಯ ಕಾನೂನು ಬಂದರೆ ಅದು ಸ್ವಾಗತಾರ್ಹವೇ. ಅದು ಬರುವವರೆಗೆ ಕಾಯುವಷ್ಟು ವ್ಯವಧಾನ ನಮ್ಮ ರಸ್ತೆಗಳಿಗೆ ಇಲ್ಲ. ಈ ಹಂಗಾಮಿನಲ್ಲಿ ಕಬ್ಬಿನ ಪಾಳಿ ಒಂದು ದಿನ ತಪ್ಪಿದರೆ ಮರುದಿನ ಸಿಕ್ಕೀತು, ಕಬ್ಬಿನ ತೂಕ ಸ್ವಲ್ಪ ಇಳಿದೀತು. ಆ ನಷ್ಟವನ್ನು ಮುಂದಿನ ಬೆಳೆ ತುಂಬಿಕೊಡುತ್ತದೆ. ಮನೆಯ ಮಗನನ್ನಾಗಲಿ, ಎದುರಿನಿಂದ ಬಂದ ಇನ್ನೊಂದು ಮನೆಯ ಮಗನನ್ನಾಗಲಿ ಯಾವ ಬೆಳೆಯೂ ತುಂಬಿಕೊಡಲಾರದು. ಇದನ್ನು ಓದಿದ ಪಾಲಕರು ಇಂದು ರಾತ್ರಿ ಊಟದ ಹೊತ್ತಿಗೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ನಮ್ಮ ಮನೆಯ ಆ ಒಂದು ವರ್ಷದ ನಿಯಮಗಳು ಯಾವುವೆಂದು ಮಾತನಾಡಿ ತೀರ್ಮಾನಿಸಬೇಕೆಂದು ನಾವು ವಿನಂತಿಸುತ್ತೇವೆ.